ಮಿಸೆಸ್ ಟ್ವೆಟೆನ್ ಕೇಳದ ಪ್ರಶ್ನೆ

ರೈಲು ಹಳಿಯ ಪಕ್ಕದ ಗೋಧಿ ಕಣಜದಲ್ಲಿ ಕೆಲಸ ಮಾಡುವ ಗಂಡಸರು ಕಾಫಿಗೆ ಕೂತಾಗ ಪಂದ್ಯ ಕಟ್ಟುತ್ತಾರೆ. ಚಂದ್ರನ ಮೇಲೆ ಎಷ್ಟು ಜನ ನಡೆದಾಡಿದ್ದಾರೆ, ತೋಳಕ್ಕೂ ನಾಯಿಗೂ ಮರಿ ಹುಟ್ಟುತ್ತದೆಯೇ, ಇಂಥವು. ಜಗಳ ಏರಿದಾಗ ಒಬ್ಬ ಎದ್ದು ಶಾಲೆಯ ಗ್ರಂಥಾಲಯಕ್ಕೆ ಫೋನ್ ಮಾಡುತ್ತಾನೆ. "ಹನ್ನೆರಡು ಜನ," ಅನ್ನುತ್ತಾರೆ ಗ್ರಂಥಪಾಲಕಿ ಮಿಸೆಸ್ ಟ್ವೆಟೆನ್. ಯಾವ ಪುಸ್ತಕದಲ್ಲಿದೆ ಅನ್ನುವುದನ್ನೂ ಹೇಳಿ ಫೋನ್ ಇಡುತ್ತಾರೆ. ನನ್ನ ಗಂಡ ಹಾಲ್ವರ್ ಆ ಕಣಜದಲ್ಲೇ ಇರುವುದರಿಂದ, ಯಾರು ಗೆದ್ದರು ಅನ್ನುವ ಸುದ್ದಿ ಸಂಜೆ ಊಟದ ಹೊತ್ತಿಗೆ ನಮ್ಮ ಮನೆಗೂ ಬರುತ್ತದೆ.

ನೂರ್ಡಾಲ್‌ ಎಂಬ ಈ ಊರಿನಲ್ಲಿ ಹುಟ್ಟಿ ಬೆಳೆದ ನಮಗೆಲ್ಲ ಅವರು ಮಿಸೆಸ್ ಟ್ವೆಟೆನ್ನೇ. ವರ್ನಾ ಎಂದು ಕರೆಯುವ ಧೈರ್ಯ ಶಾಲೆಯ ಅಡುಗೆಯ ಲಾವೋನ್‌ಗೆ ಮಾತ್ರ. ಎತ್ತರದ ಹೆಂಗಸು. ಎಡಗೈಯಲ್ಲಿ ತೀರಿಹೋದ ಗಂಡನ ದೊಡ್ಡ ಗಡಿಯಾರ, ಬಲಗೈ ಮಣಿಕಟ್ಟಿಗೆ ಯಾವಾಗಲೂ ಎರಡು ಮೂರು ರಬ್ಬರ್ ಬ್ಯಾಂಡು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಮಿಂಚುಹುಳ ಬೆಳಗುವಾಗ ಅದರ ಹೊಟ್ಟೆ ಸುಡುವುದಿಲ್ಲವೇ ಎಂದು ಕೇಳಿದ್ದೆ. "ನಾಳೆ ಬಾ," ಅಂದರು. ಮರುದಿನ ನನ್ನ ಡೆಸ್ಕಿನ ಮೇಲೆ ಒಂದು ಪುಸ್ತಕ, ಸರಿಯಾದ ಪುಟಕ್ಕೆ ಕಾಗದದ ಚೂರು ಸಿಕ್ಕಿಸಿತ್ತು. ಅವರ ಬಾಯಲ್ಲಿ 'ಗೊತ್ತಿಲ್ಲ' ಅನ್ನುವ ಮಾತು ಇರಲಿಲ್ಲ. 'ನಾಳೆ ಬಾ' ಇತ್ತು. ಆ ನಾಳೆ ತಪ್ಪುತ್ತಲೂ ಇರಲಿಲ್ಲ.

ಇಂಟರ್ನೆಟ್ ಬಂದ ಹೊಸತರಲ್ಲಿ, ವಿಶ್ವವಿದ್ಯಾಲಯದವರು ನಮ್ಮ ರಾಜ್ಯದ ಶಾಲೆಗಳಿಗೆಲ್ಲ ಸಂಪರ್ಕ ಕೊಟ್ಟಾಗ, ಊರಿನಲ್ಲಿ ಅದನ್ನು ಮೊದಲು ಕಲಿತವರು ಮಿಸೆಸ್ ಟ್ವೆಟೆನ್. ದೇಶದ ಮೂಲೆಮೂಲೆಯ ಶಾಲೆಗಳ ಗ್ರಂಥಪಾಲಕರು ಸೇರಿಕೊಂಡ ಒಂದು ಬಳಗವಿತ್ತು. ಒಬ್ಬರು ಪ್ರಶ್ನೆ ಬರೆದರೆ ಸಾವಿರಾರು ಜನರ ಇ-ಮೇಲ್ ಪೆಟ್ಟಿಗೆಗೆ ಅದು ಬೀಳುತ್ತಿತ್ತು. ಗೊತ್ತಿದ್ದವರು ಕೇಳಿದವರಿಗೆ ಮಾತ್ರ ಉತ್ತರ ಬರೆಯಬೇಕು. ಕೇಳಿದವರು ಬಂದ ಉತ್ತರಗಳನ್ನೆಲ್ಲ ಸೋಸಿ, ಒಟ್ಟುಮಾಡಿ, ಮತ್ತೆ ಎಲ್ಲರ ಮುಂದೆ ಇಡಬೇಕು. ಅದು ಅವರ ಕಟ್ಟಳೆ. ಕೇಳಿ ಉತ್ತರ ತಗೊಂಡು ಸುಮ್ಮನಾದವರನ್ನು ಬಳಗ ಬೇಗ ಮರೆಯುತ್ತಿರಲಿಲ್ಲ.

ಕಂಪ್ಯೂಟರ್ ಇಟ್ಟಿದ್ದ ಗ್ರಂಥಾಲಯದ ಉಗ್ರಾಣಕ್ಕೂ ಶಾಲೆಯ ಅಡುಗೆಮನೆಗೂ ಇದ್ದದ್ದು ಒಂದೇ ಫೋನ್ ತಂತಿ. ಇಂಟರ್ನೆಟ್ಟಿಗಾಗಿ ಕಂಪ್ಯೂಟರ್ ಆ ತಂತಿ ಹಿಡಿದು ಕೋಳಿಯ ಹಾಗೆ ಕೊರ್ ಕೊರ್ ಕೀಂ ಎಂದು ಶುರುಮಾಡಿದರೆ ಲಾವೋನ್ ಗೋಡೆಯಾಚೆಯಿಂದಲೇ ಕೂಗುವಳು.

"ವರ್ನಾ! ನಿನ್ನ ಕೋಳಿ ಮೊಟ್ಟೆ ಇಡೋದು ಇನ್ನೂ ಎಷ್ಟೊತ್ತು? ಹಾಲಿನವನಿಗೆ ಫೋನ್ ಮಾಡ್ಬೇಕು!"

"ಜಾರ್ಜಿಯಾದಲ್ಲಿ ಒಬ್ಬಳಿಗೆ ಅರ್ಜೆಂಟಾಗಿ ಆಮೆ ಬೇಕಂತೆ, ತಡಿ!"

"ಇಲ್ಲಿ ಮುನ್ನೂರು ಮಕ್ಕಳಿಗೆ ಅರ್ಜೆಂಟಾಗಿ ಹಾಲು ಬೇಕು!"

ಆಮೆಯ ಬಗ್ಗೆ ಪುಸ್ತಕ ಬೇಕೆಂದವಳು ಕೊರಿನ್, ಜಾರ್ಜಿಯಾದ ಒಂದು ಶಾಲೆಯ ಗ್ರಂಥಪಾಲಕಿ. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡಿಲ್ಲ, ಆದರೂ ಗೆಳತಿಯರಾದರು. ಮಿಸೆಸ್ ಟ್ವೆಟೆನ್ ಅಂಥ ಎಷ್ಟೋ ಜನರಿಗೆ ಉತ್ತರ ಹುಡುಕಿಕೊಟ್ಟರು. ತಾವು ಮಾತ್ರ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಒಮ್ಮೆ ಯಾಕೆಂದು ಕೇಳಿದೆ. "ಕೇಳೋಕೆ ಏನಿದೆ? ಕಪಾಟಿನ ತುಂಬ ಪುಸ್ತಕ ಇಲ್ವಾ?" ಅಂದು ರಬ್ಬರ್ ಬ್ಯಾಂಡನ್ನು ಚಟ್ಟೆಂದು ಎಳೆದು ಬಿಟ್ಟರು.

ಆ ದಿನಗಳ ಒಂದು ಚಳಿಗಾಲದಲ್ಲೇ ನಮ್ಮ ನೆಲ್ಸ್‌ಗೆ ಗೋಧಿ ಆಗುವುದಿಲ್ಲ ಅನ್ನುವುದು ಗೊತ್ತಾದದ್ದು.

ನಾಲ್ಕು ತುಂಬಿದ ಮಗ. ಹೊಟ್ಟೆ ಊದಿ, ಕೈಕಾಲು ಕಡ್ಡಿಯಾಗಿ, ಆಡುತ್ತಾ ಆಡುತ್ತಾ ನೆಲದ ಮೇಲೇ ಮಲಗಿಬಿಡುತ್ತಿದ್ದ. ಫಾರ್ಗೋ ಪಟ್ಟಣದ ಡಾಕ್ಟರು ತಪಾಸಣೆ ಮಾಡಿ ಸೀಲಿಯಾಕ್ ಎಂಬ ಹೆಸರು ಹೇಳಿದರು. ಗೋಧಿ, ಬಾರ್ಲಿ, ರೈ ಬಾಯಿಗೆ ಬೀಳಲೇಬಾರದು, ಚೂರೂ ಕೂಡ. ಗೋಧಿ ಬೆಳೆದು ಬದುಕುವ ಊರಿನಲ್ಲಿ! ನಾನು ಬ್ರೆಡ್ಡು, ಬಿಸ್ಕತ್ತು, ನೂಡಲ್ ಎಲ್ಲ ಮನೆಯಿಂದ ಹೊರಹಾಕಿದೆ. ಅಕ್ಕಿ ಹಿಟ್ಟಿನ ರೊಟ್ಟಿ ಸುಟ್ಟೆ. ಅದನ್ನು ಬಾಗಿಲಿಗೆ ಅಡ್ಡ ಇಟ್ಟಿದ್ದರೆ ಗಾಳಿಗೂ ಬಾಗಿಲು ಅಲುಗುತ್ತಿರಲಿಲ್ಲ. ಹಾಲ್ವರ್ ಕಣಜದ ಧೂಳು ಮನೆಗೆ ಬರಬಾರದೆಂದು ಕೊರೆಯುವ ಚಳಿಯಲ್ಲಿ ಗ್ಯಾರೇಜಿನಲ್ಲೇ ಬಟ್ಟೆ ಬಿಚ್ಚಿ, ಒಳಚಡ್ಡಿಯಲ್ಲಿ ಅಡುಗೆಮನೆಗೆ ಓಡಿಬರುತ್ತಿದ್ದ. "ಪಕ್ಕದ ಮನೆಯವರು ನೋಡಿದರೇನು ಅಂದುಕೊಳ್ತಾರೆ?" ಅಂದರೆ, "ಅವರಿಗೂ ಚಳಿಗಾಲದಲ್ಲಿ ಏನಾದ್ರೂ ಮನರಂಜನೆ ಬೇಡ್ವೇನೇ?" ಅನ್ನುವನು.

ಮೊದಲ ಕೆಲವು ವಾರ ಮಗು ಚೇತರಿಸಿಕೊಂಡ. ಆಮೇಲೆ ನಿಂತುಹೋಯಿತು. ಮತ್ತೆ ಹೊಟ್ಟೆನೋವು, ಮತ್ತೆ ತೂಕ ಇಳಿಯಿತು. ತಟ್ಟೆಗೆ ಬಿದ್ದದ್ದನ್ನೆಲ್ಲ ನನ್ನ ದಿನಚರಿಯಲ್ಲಿ ಬರೆದಿಟ್ಟಿದ್ದೆ, ಅದರಲ್ಲಿ ಒಂದು ತಪ್ಪೂ ಸಿಗಲಿಲ್ಲ. ಡಾಕ್ಟರಿಗೂ ಸಿಗಲಿಲ್ಲ. "ಎಲ್ಲಿಂದಲೋ ಒಳಗೆ ಹೋಗ್ತಾ ಇದೆ. ಆಗಸ್ಟ್ ಒಳಗೆ ತೂಕ ಏರದಿದ್ರೆ ಈ ವರ್ಷ ಶಾಲೆ ಬೇಡಮ್ಮ," ಅಂದರು. ನೆಲ್ಸ್‌ಗೆ ಶಾಲೆ ಅಂದರೆ ಹಳದಿ ಬಸ್ಸು. ದಿನಾ ಬೆಳಿಗ್ಗೆ ಕಿಟಕಿಯ ಮಂಜನ್ನು ಅಂಗೈಯಿಂದ ಒರೆಸಿ, ಬಸ್ಸಿಗೆ ಕೈ ಬೀಸುತ್ತಿದ್ದ. ಡ್ರೈವರನೂ ಹಾರನ್ ಬಾರಿಸುತ್ತಿದ್ದ. ಇವನಿಗೆ ಏನೆಂದು ಹೇಳುವುದು?

ಗುರುವಾರ ಗುರುವಾರ ಗ್ರಂಥಾಲಯದಲ್ಲಿ ಪುಟ್ಟ ಮಕ್ಕಳಿಗೆ ಕಥೆ ಹೇಳುವ ಹೊತ್ತು. ನೆಲ್ಸ್ ಅದೊಂದನ್ನೂ ತಪ್ಪಿಸಿದವನಲ್ಲ. ಒಂದು ಗುರುವಾರ ಮಕ್ಕಳೆಲ್ಲ ಆಡುತ್ತಿದ್ದಾಗ ಮಿಸೆಸ್ ಟ್ವೆಟೆನ್ ಹತ್ತಿರ ಹೋಗಿ ಎಲ್ಲ ಹೇಳಿಕೊಂಡೆ. "ನಾಳೆ ಬಾ," ಅಂದರು. ಮರುದಿನ ಹೋದೆ. "ಸೋಮವಾರ ಬರ್ತೀಯಾ?" ಅಂದರು. ಅವರ ಮೇಜಿನ ಮೇಲೆ ದಪ್ಪ ದಪ್ಪ ಪುಸ್ತಕಗಳು ತೆರೆದು ಬಿದ್ದಿದ್ದವು. ಮುಂದಿನ ವಾರವೂ ಅದೇ ಮಾತು. ಅವರ ಮುಖ ನೋಡಿ ನನಗೇ ಪಾಪ ಅನ್ನಿಸಿತು.

"ಬಳಗದಲ್ಲಿ ಕೇಳಬಾರದಾ?" ಅಂದೆ.

"ಮಗುವಿನ ಕಾಯಿಲೆ ಪುಸ್ತಕದವರಿಗೇನು ಗೊತ್ತು? ಅವರೇನು ಡಾಕ್ಟರಾ?" ಅಂದರು ಗದರಿಸಿದಂತೆ.

ಆ ಸಂಜೆ ಅವರು ಕೊರಿನ್ ಒಬ್ಬಳಿಗೇ ಪತ್ರ ಬರೆಯಲು ಕೂತರು. ಕೊರಿನ್ ಅಂದು ಬೆಳಿಗ್ಗೆ ಬಳಗಕ್ಕೆ ಕಳಿಸಿದ್ದ ಪತ್ರವೊಂದು ಕಣ್ಣ ಮುಂದೆ ತೆರೆದಿತ್ತು. ಅದರ ಕೆಳಗೇ 'ಉತ್ತರ' ಎಂಬ ಗುಂಡಿ ಒತ್ತಿ, ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆದು, ಕಳಿಸಿ, ದೀಪ ಆರಿಸಿ ಮನೆಗೆ ಹೋದರು. ಬಳಗದ ಮೂಲಕ ಬಂದ ಪತ್ರಕ್ಕೆ ಹಾಗೆ ಉತ್ತರ ಒತ್ತಿದರೆ ಅದು ಒಬ್ಬರಿಗಲ್ಲ, ಎಲ್ಲರಿಗೂ ಹೋಗುತ್ತದೆ. ಬಳಗದ ಹೊಸಬರಿಗೆಲ್ಲ ಇದನ್ನು ತಿಳಿಹೇಳುತ್ತಿದ್ದವರು ಅವರೇ.

ಮರುದಿನ ಬೆಳಿಗ್ಗೆ ನಾನು ನೆಲ್ಸ್‌ನ ಪುಸ್ತಕ ವಾಪಸು ಕೊಡಲು ಅವನನ್ನೂ ಕರೆದುಕೊಂಡು ಹೋದಾಗ ಮಿಸೆಸ್ ಟ್ವೆಟೆನ್ ಉಗ್ರಾಣದಲ್ಲಿ ಕೋಟೂ ತೆಗೆಯದೆ ನಿಂತಿದ್ದರು. ಪರದೆಯ ತುಂಬ ಪತ್ರಗಳು, ಒಂದರ ಕೆಳಗೊಂದು, ಮುಗಿಯುವಂತೆಯೇ ಇರಲಿಲ್ಲ.

"ಮ್ಯಾರನ್," ಅಂದರು, "ನನ್ನ ಮರ್ಯಾದೆ ಹೋಯ್ತು ಕಣೇ."

ಅವರ ಪತ್ರವನ್ನು ನಾನೂ ಓದಿದೆ. 'ಕೊರಿನ್, ಇಲ್ಲೊಬ್ಬ ಪುಟ್ಟ ಇದ್ದಾನೆ, ದಿನದಿನಕ್ಕೂ ಇಳಿದುಹೋಗುತ್ತಿದ್ದಾನೆ. ಗೋಧಿ ಆಗದ ಕಾಯಿಲೆ. ಅವನಮ್ಮ ಎಲ್ಲ ನಿಲ್ಲಿಸಿದ್ದಾಳೆ, ಆದರೂ ಎಲ್ಲಿಂದಲೋ ಒಳಗೆ ಹೋಗುತ್ತಿದೆ. ನನ್ನಲ್ಲಿರುವ ಪುಸ್ತಕವೆಲ್ಲ ಮುಗಿಯಿತು. ಶಾಲೆಗೆ ಬಂದರೂ ಊಟ ಹಾಕುವವಳು ನಮ್ಮ ಲಾವೋನ್, ಅವಳು ಟೊಮೇಟೊ ಸೂಪಿಗೂ ಮೈದಾ ಸುರಿಯುವ ಹೆಂಗಸು. ಪುಟ್ಟನ ಅಮ್ಮ ನಾಳೆ ಮತ್ತೆ ಬರುತ್ತಾಳೆ. ನನಗೆ ಗೊತ್ತಿಲ್ಲ ಎಂದು ಹೇಗೆ ಹೇಳಲಿ? ಅಷ್ಟು ಮಾತು ಬಾಯಿಂದ ಹೊರಡುತ್ತಿಲ್ಲ.'

ಓದಿ ಮುಗಿಸಿ ನಾನು ಅವರ ಕೋಟಿನ ಗುಂಡಿ ಬಿಚ್ಚಿದೆ. ಬೇರೇನು ಮಾಡುವುದೋ ತಿಳಿಯಲಿಲ್ಲ.

"ನಾನೇನೂ ಕೇಳಲಿಲ್ಲವಲ್ಲ," ಅಂದರು. "ಯಾಕೆ ಇಷ್ಟೊಂದು ಜನ ಬರೆದಿದ್ದಾರೆ?"

"ಕೇಳಿದ ಹಾಗೇ ಆಯ್ತಲ್ಲ," ಅಂದೆ. "ಕೂತ್ಕೊಳ್ಳಿ, ಓದೋಣ."

ಉತ್ತರಗಳನ್ನು ಪ್ರಿಂಟ್ ಮಾಡುತ್ತಾ ಹೋದೆವು. ನೆಲ್ಸ್ ಮೇಜಿನ ಕೆಳಗೆ ಕೂತು ಪ್ರಿಂಟರಿನ ಕಾಗದದ ಅಂಚಿನ ತೂತುಪಟ್ಟಿ ಹರಿದು ಸರ ಮಾಡುತ್ತಿದ್ದ. ಮೇನ್ ರಾಜ್ಯದ ಒಬ್ಬರು ಅಕ್ಕಿ ಹಿಟ್ಟಿಗೆ ಆಲೂಗಡ್ಡೆ ಪಿಷ್ಟ ಸೇರಿಸಿದರೆ ರೊಟ್ಟಿ ಮೆತ್ತಗಾಗುತ್ತದೆ ಎಂದು ಬರೆದಿದ್ದರು. ಇನ್ನೊಬ್ಬರು ಲಕೋಟೆಯ ಅಂಟಿನಲ್ಲೂ ಗೋಧಿ ಇದ್ದೀತು, ನೆಕ್ಕಬಾರದೇನೋ ಎಂದು, ಮತ್ತೊಬ್ಬರು ಹಾಗೇನಿಲ್ಲ ಎಂದು. ಐರ್ಲೆಂಡಿನಲ್ಲಿ ಅಕ್ಕ ಇರುವ ಒಬ್ಬರು ಅಲ್ಲಿನ ರೋಗಿಗಳ ಸಂಘದ ವಿಳಾಸ ಕೊಟ್ಟಿದ್ದರು. ಲಾವೋನ್‌ಗೂ ನಾಲ್ಕು ಜನ ಬರೆದಿದ್ದರು: ಸೂಪಿಗೆ ಮೈದಾ ಬೇಡ, ಕಾರ್ನ್‌ಫ್ಲೋರ್ ಸಾಕು.

ನ್ಯೂ ಮೆಕ್ಸಿಕೋದ ಡೆಲ್ಫಿನಾ ಎಂಬವರ ಪತ್ರವನ್ನು ನಾನು ಜೋರಾಗಿ ಓದಿದೆ. 'ನಮ್ಮ ಶಾಲೆಯಲ್ಲೂ ಇಂಥ ಒಬ್ಬಳಿದ್ದಾಳೆ. ಅವಳ ತಟ್ಟೆಯನ್ನು ನೋಡಿ ನೋಡಿ ನಮಗೆ ಸಾಕಾಗಿತ್ತು. ಆಮೇಲೆ ಕೈ ನೋಡಿದೆವು. ನಿಮ್ಮ ಹುಡುಗ ಏನು ಮುಟ್ಟಿ ಆಡುತ್ತಾನೆ? ಮಕ್ಕಳ ಬೆರಳು ಬಾಯಿಗೆ ಹೋಗದೆ ಇರುತ್ತದೆಯೇ? ನಮ್ಮಲ್ಲಿ ಅದು ಸಿಕ್ಕಿದ್ದು ಮಕ್ಕಳು ಬೊಂಬೆ ಮಾಡಿ ಆಡುವ ಬಣ್ಣದ ಕಣಕದಲ್ಲಿ.'

ಮಿಸೆಸ್ ಟ್ವೆಟೆನ್ ಎದ್ದುಹೋಗಿ ಕಪಾಟಿನ ಕೆಳಖಾನೆಯಿಂದ ಕಣಕ ತುಂಬಿದ ಕಾಫಿ ಡಬ್ಬಿಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಕೆಂಪು, ಹಸಿರು, ನೀಲಿ, ಹಳದಿ. ಕಥೆ ಮುಗಿದ ಮೇಲೆ ಆ ಕಥೆಯ ಪ್ರಾಣಿಗಳನ್ನು ಮಕ್ಕಳು ಕಣಕದಲ್ಲಿ ಮಾಡುತ್ತಿದ್ದರು. ಗೋಧಿ ಹಿಟ್ಟು, ಉಪ್ಪು, ನೀರು, ಬಣ್ಣ. ಬುಧವಾರ ಸಂಜೆ ಅವರೇ ಮನೆಯಲ್ಲಿ ಕಲಸಿ ತರುತ್ತಿದ್ದರು.

"ನೆಲ್ಸ್," ಅಂದರು ಬಗ್ಗಿ, "ಈ ಕಣಕ ತಿಂದಿದ್ದೀಯೇನೋ ಮರಿ?"

ಮೇಜಿನ ಕೆಳಗಿನಿಂದ ಉತ್ತರ ಬಂತು. "ಎಲ್ಲಾದನ್ನೂ ತಿನ್ನಲ್ಲ. ಕಿವಿ, ಬಾಲ ಮಾತ್ರ. ಉಪ್ಪುಪ್ಪಗೆ ಇರತ್ತೆ."

ನನಗೆ ನಗು ಬಂತು, ಜೊತೆಗೇ ಅಳುವೂ ಬಂತು. ಅವರು ಮಾತ್ರ ನಗಲಿಲ್ಲ.

"ನನ್ನ ಕೈಯಾರೆ, ಮ್ಯಾರನ್. ವಾರ ವಾರ."

"ನಿಮಗೆ ಹೇಗೆ ಗೊತ್ತಾಗಬೇಕು?"

"ಗೊತ್ತಿರಬೇಕಿತ್ತು. ಅದೇ ನನ್ನ ಕೆಲಸ."

"ಅವನ ಉಗುರಿನಿಂದ ಹಸಿರು ಕಣಕ ಕೆರೆದು ತೆಗೀತಿದ್ದವಳು ನಾನು. ನನಗೆ ಹೊಳೀತಾ?"

ಫಾರ್ಗೋಗೆ ಫೋನ್ ಮಾಡಿದೆವು. "ಇದೇ ಇರಬಹುದು. ನಿಲ್ಲಿಸಿ ನೋಡೋಣ," ಅಂದರು ಡಾಕ್ಟರು, ಒಳ್ಳೆಯ ಮನುಷ್ಯ, ಡೆಲ್ಫಿನಾ ಅವರ ಪತ್ರದ ಒಂದು ಪ್ರತಿ ತಮಗೂ ಬೇಕೆಂದರು.

ಕಟ್ಟಳೆಯ ಪ್ರಕಾರ ಉತ್ತರಗಳನ್ನು ಒಟ್ಟುಮಾಡಿ ಬಳಗಕ್ಕೆ ಕೊಡಬೇಕಿತ್ತಲ್ಲ. ಮಿಸೆಸ್ ಟ್ವೆಟೆನ್ ಒಂದು ವಾರ ಕೂತು ಸೋಸಿದರು. ಹಿಟ್ಟುಗಳು ಬೇರೆ, ಶಾಲೆಯ ಊಟ ಬೇರೆ, ಆಟದ ಸಾಮಾನು ಬೇರೆ. ಕೊನೆಯಲ್ಲಿ ತಾವೇ ಒಂದು ಸಾಲು ಸೇರಿಸಿದ್ದರು: 'ನಾನು ಊರೆಲ್ಲ ಹುಡುಕಿದ ಹಿಟ್ಟು ನನ್ನ ಮೇಜಿನ ಮೇಲೇ ಇತ್ತು. ಕಲಸಿದವಳು ನಾನೇ.'

"ಇದನ್ನೂ ಬರೀಲೇಬೇಕಾ?" ಅಂದೆ.

"ಎಲ್ಲೋ ಇನ್ನೊಂದು ಊರಲ್ಲಿ ಇನ್ನೊಬ್ಬಳು ವರ್ನಾ ಇದ್ದಾಳಲ್ಲೇ. ಇವತ್ತು ಸಂಜೆ ಕಣಕ ಕಲಸ್ತಾ ಇರ್ತಾಳೆ," ಅಂದರು, ಗುಂಡಿ ಒತ್ತಿದರು. ಈ ಸಲ ಎಲ್ಲರಿಗೂ ಹೋಗುತ್ತದೆ ಎಂದು ಗೊತ್ತಿದ್ದೇ ಒತ್ತಿದರು.

ಆಮೇಲೆ ಇನ್ನೊಂದು ಪತ್ರ ಬರೆದರು. ಅದು ಅವರ ನಿಜವಾದ ಮೊದಲ ಪ್ರಶ್ನೆ. 'ಗೋಧಿ ಇಲ್ಲದೆ ಬಣ್ಣದ ಕಣಕ ಮಾಡುವುದು ಹೇಗೆ? ನನಗೆ ಗೊತ್ತಿಲ್ಲ.'

ಗೋಡೆಯಾಚೆಯಿಂದ ಲಾವೋನ್ ಕೂಗಿದಳು. "ವರ್ನಾ! ಇಡೀ ದೇಶಕ್ಕೆ ನನ್ನ ಸೂಪಿನ ಸುದ್ದಿ ಹೇಳಿಯಾಯ್ತಲ್ಲ, ಇನ್ನಾದ್ರೂ ಫೋನ್ ಬಿಡ್ತೀಯಾ?"

"ದೇಶದಾಚೆಗೂ ಹೋಗಿದೆ ಕಣೇ, ಐರ್ಲೆಂಡಿಗೂ!"

"ಹಾಗಾದ್ರೆ ಅವರಿಗೆ ಹೇಳು, ಕಾರ್ನ್‌ಫ್ಲೋರ್ ಹಾಕಿದ್ರೆ ಇನ್ನೂ ರುಚಿಯಾಗಿರತ್ತೆ ಅಂತ. ನಿನ್ನೆ ಮಾಡಿ ನೋಡ್ದೆ."

ಹೊಸ ಕಣಕಕ್ಕೂ ಕಾರ್ನ್‌ಫ್ಲೋರೇ ಬಂತು. ಅದಕ್ಕೆ ಅಡುಗೆ ಸೋಡಾ ಹಾಕಿ, ನೀರಿನಲ್ಲಿ ಕಾಯಿಸಿ ಕಲಸಬೇಕು. ಒಣಗಿದರೆ ಬಿಳುಪು, ನುಣುಪು. ನೆಲ್ಸ್ ನೆಕ್ಕಿ ನೋಡಿ ಮುಖ ಹಿಂಡಿ, ಇದು ಚೆನ್ನಾಗಿಲ್ಲ ಅಂದ. ನಮಗೆ ಅಷ್ಟೇ ಬೇಕಿತ್ತು. ವಸಂತ ಕಳೆದು ಹೊಲಗಳು ಹಸಿರಾಗುವ ಹೊತ್ತಿಗೆ ಅವನ ಕೆನ್ನೆ ತುಂಬತೊಡಗಿತು. ಜುಲೈನಲ್ಲಿ ಪ್ಯಾಂಟು ಬಿಗಿಯಾಯಿತು. ಆ ಪ್ಯಾಂಟನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಆಗಸ್ಟಿನಲ್ಲಿ ಡಾಕ್ಟರು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳು ನೋಡಿ, "ಬಸ್ಸಿನಲ್ಲಿ ಯಾವ ಕಡೆ ಕೂತ್ಕೋತೀಯೋ?" ಎಂದು ಅವನನ್ನೇ ಕೇಳಿದರು.

"ಕಿಟಕಿ ಕಡೆ," ಅಂದ ನೆಲ್ಸ್. "ಅಮ್ಮ ಕಾಣಬೇಕಲ್ಲ."

ಶಾಲೆಯ ಮೊದಲ ದಿನ ಮನಸ್ಸು ತಡೆಯದೆ ನಾನೂ ಮಧ್ಯಾಹ್ನ ಶಾಲೆಗೆ ಹೋದೆ. ಊಟದ ಕೋಣೆಯಲ್ಲಿ ಲಾವೋನ್ ಅವನಿಗೆಂದೇ ತೆಗೆದಿಟ್ಟಿದ್ದ ನೀಲಿ ಬಟ್ಟಲಿನಲ್ಲಿ ಸೂಪು ಕೊಟ್ಟಿದ್ದಳು. ಅದೇ ಸೂಪನ್ನು ಎಲ್ಲ ಮಕ್ಕಳೂ ಕುಡಿಯುತ್ತಿದ್ದರು. ಊಟ ಮುಗಿಸಿದವನೇ ನನ್ನ ಕಡೆ ತಿರುಗಿಯೂ ನೋಡದೆ ಗ್ರಂಥಾಲಯಕ್ಕೆ ಓಡಿದ. ನಾನು ಬಾಗಿಲ ಹತ್ತಿರ ನಿಂತೆ.

"ಮಿಸೆಸ್ ಟ್ವೆಟೆನ್, ಮೀನಿಗೆ ಬಾಯಾರಿಕೆ ಆಗತ್ತಾ?"

ಅವರ ಕೈ ಅಭ್ಯಾಸಬಲದಿಂದ ಕಪಾಟಿನ ಕಡೆ ಹೋಯಿತು, ಬಾಯಿಯೂ 'ನಾಳೆ' ಎನ್ನುವುದಕ್ಕೆ ತೆರೆಯಿತು. ಆಮೇಲೆ ಕೈ ಇಳಿಸಿದರು.

"ಗೊತ್ತಿಲ್ಲ ಕಣೋ," ಅಂದರು. "ಬಾ, ಕೇಳೋಣ."

ಉಗ್ರಾಣದಲ್ಲಿ ಕಂಪ್ಯೂಟರಿನ ಕೋಳಿ ಕೂಗತೊಡಗಿತು.