ರೋಲರ್ ಮೇಲೆ ನನ್ನ ಪಿಕಪ್ಪು, ಚಕ್ರದಡಿ ನಿಂಬೆಹಣ್ಣು

ಗೆಳೆಯರೇ, ಬೆಟ್ಟದಪುರದ ಕಡೆ ನನ್ನ ಡೀಸೆಲ್ ಪಿಕಪ್ಪನ್ನು ಮೀರಿಸುವ ಗಾಡಿಯೇ ಇಲ್ಲ ಅಂತ ಕೊಚ್ಚಿಕೊಳ್ಳುತ್ತಿದ್ದವನು ನಾನು. ಇವತ್ತು ಭಾವಮೈದ ಪಂಥ ಕಟ್ಟಿ, ಹುಣಸೂರಿನ ಗ್ಯಾರೇಜಿಗೆ ಹೊಸದಾಗಿ ಬಂದ ಹಾರ್ಸ್‌ಪವರ್ ಅಳೆಯುವ ಯಂತ್ರದ ಹತ್ತಿರ ಕರೆದೊಯ್ದ. ಹಿಂದಿನ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ಗಾಡಿಯನ್ನು ಬಿಗಿದು ಕಟ್ಟಿದರು. ನಾನು ಭಕ್ತಿಯಿಂದ ಮುಂದಿನ ಚಕ್ರಗಳಡಿ ನಿಂಬೆಹಣ್ಣು ಇಟ್ಟೆ.

"ಗಾಡಿ ಮುಂದಕ್ಕೋಗಲ್ಲ ಕಣಣ್ಣ, ನಿಂತಲ್ಲೇ ಓಡ್ತದೆ" ಎಂದರು ಮೆಕ್ಯಾನಿಕ್ ರಫೀಕ್ ಭಾಯ್.

"ಇರ್ಲಿ ಬುಡಿ, ಶಾಸ್ತ್ರ" ಎಂದೆ.

ಎಂಜಿನ್ ಊರೇ ಕೇಳುವಂತೆ ಅಬ್ಬರಿಸಿತು. ಪವರ್ ಮಾತ್ರ, ಅದೇ ಯಂತ್ರದಲ್ಲಿ ಮೊದಲೇ ಅಳೆಸಿದ್ದ ಭಾವಮೈದನ ಹಳೇ ಗಾಡಿಗಿಂತ ಕಡಿಮೆ ಬಂತು.

"ನಿಂಬೆಹಣ್ಣು ಅಪ್ಪಚ್ಚಿಯಾಗ್ಲಿಲ್ವಲ್ಲ, ಅದ್ಕೇ ಅಂಗೆ!" ಎಂದು ವಾದಿಸಿದೆ.

ಭಾವಮೈದ ಆ ಹಣ್ಣುಗಳನ್ನೇ ತೊಳೆದು ಶರಬತ್ತು ಮಾಡಿಸಿ ತಂದ. "ಕುಡೀರಿ ಭಾವ, ನಿಮಗಾದ್ರೂ ಪವರ್ ಬರ್ಲಿ."

ಶಾಸ್ತ್ರ ಕೆಡಬಾರದು ನೋಡಿ, ಕುಡಿದೆ.