ಒಂದು ಲಾರಿ, ಮೂವರು ಡ್ರೈವರ್

"ಒಂದು ಲಾರಿಗೆ ಒಬ್ಬನಽ ಡ್ರೈವರ್ ಅಂತ ನಿಮಗ ಯಾರು ಹೇಳ್ಯಾರ್ರಿ ಸರ್?" ಎಂದು ಶರಣಮ್ಮ ಕೇಳಿದಾಗ, ಸಂಡೂರಿನ ಗಣಿಯ ಗೇಟಿನಲ್ಲಿ ಅದಿರು ಲಾರಿಗಳು ಸಾಲಾಗಿ ನಿಂತು ಹಾರ್ನ್ ಹೊಡೆಯುತ್ತಿದ್ದವು.

ಗಣಿಗಾರಿಕೆ ಜೋರಾಗಿದ್ದ ಕಾಲವದು. ಲಾರಿಗೆ ಬಿಡುವಿರಲಿಲ್ಲ, ಡ್ರೈವರ್‌ಗಳು ಪಾಳಿಯ ಮೇಲೆ ಬದಲಾಗುತ್ತಿದ್ದರು. ಎಂಜಿನಿಯರಿಂಗ್ ಓದಿ ಗಣಿಯ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದ ನಾನು ಆ ಬೆಳಿಗ್ಗೆ ಶುರು ಮಾಡಿದ್ದ ಹೊಸ ಪ್ರೋಗ್ರಾಂ ಲಾರಿಗೆ ಒಬ್ಬ ಡ್ರೈವರ್ ಹೆಸರನ್ನಷ್ಟೇ ಒಪ್ಪುತ್ತಿತ್ತು. ಬೇರೆ ಡ್ರೈವರ್ ಬಂದರೆ ಗೇಟ್ ಪಾಸ್ ಬರುತ್ತಿರಲಿಲ್ಲ.

ಶರಣಮ್ಮ ಕುರೆಕುಪ್ಪದವರು, ಪಿಯುಸಿ ಫೇಲು, ಲಾರಿ ತೂಗುವ ವೇಬ್ರಿಜ್‌ನಲ್ಲಿ ಟೈಪಿಸ್ಟ್. ನಾನು ಬೇಡವೆಂದು ಮುಚ್ಚಿಸಿದ್ದ ಹಳೆಯ ಮಲ್ಟಿವ್ಯಾಲ್ಯೂ ಡೇಟಾಬೇಸನ್ನು ಅವರು ಮತ್ತೆ ತೆರೆದರು. ಅದರಲ್ಲಿ ಡ್ರೈವರ್ ಎಂಬ ಒಂದೇ ಕಾಲಂನೊಳಗೆ ಮೂರು ಹೆಸರುಗಳು ಒಂದರ ಕೆಳಗೊಂದು ಕೂತಿದ್ದವು. ಪಾಸ್ ಬಂತು, ಲಾರಿಗಳು ಕದಲಿದವು. ಆ ಹಳೆಯ ಪ್ರೋಗ್ರಾಂ ಬರೆದವರು ಯಾರೆಂದು ಕೇಳಿದೆ.

"ನಾನಽ ಬರದೀನ್ರಿ, ಪುಸ್ತಕ ನೋಡಿ ಕಲ್ತು. ಡ್ರೈವರ್‌ಗಳು ದಿನಾ ಈ ಕಿಟಕಿ ಮುಂದ ನಿಂದರತಾರಲ್ರಿ, ಅವ್ರನ್ನ ನೋಡಿನೂ ಕಲ್ತೀನ್ರಿ."

ಪ್ರೋಗ್ರಾಮರ್ ಕೆಲಸಕ್ಕೆ ಅವರು ಹಾಕಿದ್ದ ಅರ್ಜಿಯ ಮೇಲೆ 'ಪದವಿ ಇಲ್ಲ' ಎಂದು ಬರೆದು ಹಿಂದಿನ ವಾರವಷ್ಟೇ ವಾಪಸ್ ಕಳಿಸಿದವನು ನಾನು. ಆ ಮಾತನ್ನು ಶರಣಮ್ಮ ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.