ಮಗನ ತಲೆ

ನನ್ನ ಮಗ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದ. ಈಗ ಆಡುವುದಿಲ್ಲ, ಬೇರೆಯವರು ಆಡುವುದನ್ನು ಟಿವಿಯಲ್ಲಿ ಕುಳಿತು ವಿವರಿಸುತ್ತಾನೆ. ಈ ಎರಡರ ನಡುವೆ ನಡೆದದ್ದನ್ನು ಬರೆದಿಡಬೇಕು ಅನ್ನಿಸಿದೆ. ನಮ್ಮ ಯಜಮಾನರು ಇದ್ದಿದ್ದರೆ ಅವರೇ ಬರೆಯುತ್ತಿದ್ದರು, ನನಗಿಂತ ಚೆನ್ನಾಗಿ. ನಾನು ಮೈಸೂರಿನಲ್ಲಿ ಪಿಯುಸಿವರೆಗೆ ಓದಿದವಳು. ಇಲ್ಲಿ ಅಟ್ಲಾಂಟಾದ ಹೊರಗೆ, ಕಮ್ಮಿಂಗ್‌ನಲ್ಲಿ, ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ.

ಮಗ ಕಿಕ್ಕರ್ ಆಗಿದ್ದ. ಆ ಆಟದಲ್ಲಿ ಹೆಚ್ಚಿನವರು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಕಿಕ್ಕರ್ ಮಾತ್ರ ಬಂದು, ಚೆಂಡನ್ನು ಒದ್ದು, ಬೆಂಚಿಗೆ ವಾಪಸ್ ಹೋಗುತ್ತಾನೆ. ಅದಕ್ಕೇ ನಾನು ಒಪ್ಪಿದ್ದು.

"ಇವನ ಹತ್ರ ಯಾರೂ ಬರಲ್ಲ ಕಣೇ. ಎಲ್ಐಸಿ ಆಫೀಸ್ ಕೆಲಸದ ಥರ, ಫುಲ್ ಸೇಫು," ಎಂದು ಯಜಮಾನರು ನಗುತ್ತಿದ್ದರು.

2020ರಲ್ಲಿ ಕೊರೋನಾ ಬಂದು ಶಾಲೆಯ ಮೈದಾನಕ್ಕೆ ಬೀಗ ಹಾಕಿದಾಗ ಅಪ್ಪ ಮಗ ಇಬ್ಬರೂ ಭಾನುವಾರದ ಬೆಳಿಗ್ಗೆ ನಮ್ಮ ರಸ್ತೆಯ ಕೊನೆಗೆ ಹೋಗುತ್ತಿದ್ದರು. ಅಲ್ಲಿ ಹೊಸ ಮನೆಗಳು ಏಳುತ್ತಿದ್ದವು. ಗೋಡೆ ಇನ್ನೂ ಬರದ, ಬರೀ ಮರದ ಚೌಕಟ್ಟು ನಿಂತಿದ್ದ ಮನೆಯೊಂದನ್ನು ದಾಟುವ ಹಾಗೆ ಇವನು ಚೆಂಡು ಒದೆಯಬೇಕು, ಅವರು ಆಚೆ ನಿಂತು ಹಿಡಿಯಬೇಕು. ಇಬ್ಬರೂ ಮೊಣಕಾಲಿನವರೆಗೆ ಕೆಂಪು ಮಣ್ಣು ಮಾಡಿಕೊಂಡು ಬರುತ್ತಿದ್ದರು. ಹಾಗೆ ಕಲಿತ ಹುಡುಗನಿಗೆ ಮುಂದಿನ ವರ್ಷ ದಕ್ಷಿಣ ಕೆರೊಲಿನಾದ ಒಂದು ಸಣ್ಣ ಕಾಲೇಜಿನ ತಂಡದಲ್ಲಿ ಜಾಗ ಸಿಕ್ಕಿತು. ಪರಿಚಯದವರು ಕೇಳುತ್ತಿದ್ದರು: "ಕ್ರಿಕೆಟ್ ಬಿಟ್ಟು ಇದೇನ್ರೀ ಕುಸ್ತಿ?" ಯಜಮಾನರು ಅವರನ್ನೂ ಕೂರಿಸಿಕೊಂಡು ಆಟದ ನಿಯಮ ಹೇಳಿಕೊಡುತ್ತಿದ್ದರು.

ಅವರು ಹೋಗಿದ್ದು 2022ರ ಅಕ್ಟೋಬರಿನಲ್ಲಿ. ಮಧ್ಯಾಹ್ನ ನಾನು ಕೆಲಸದಿಂದ ಬಂದಾಗ ಮೇಲಿನ ಕೋಣೆಯಲ್ಲಿ ಕುರ್ಚಿಯಲ್ಲೇ ಇದ್ದರು, ಕಿವಿಗೆ ಹೆಡ್‌ಸೆಟ್ ಇತ್ತು. ಹೃದಯ ನಿಂತಿತ್ತು. ಹೆಡ್‌ಸೆಟ್‌ನಲ್ಲಿ ಯಾರೋ ಇನ್ನೂ ಮೀಟಿಂಗ್ ಮಾಡುತ್ತಿದ್ದರು. ಇದಕ್ಕಿಂತ ಹೆಚ್ಚು ಆ ದಿನದ ಬಗ್ಗೆ ಬರೆಯಲು ನನ್ನಿಂದ ಆಗುವುದಿಲ್ಲ.

ಮಗ ಅದೇ ಸಂಜೆ ಬಂದ. ಎಲ್ಲ ಕರ್ಮಗಳನ್ನೂ ಹೇಳಿದ ಹಾಗೆ ಮಾಡಿದ. ಹತ್ತನೆಯ ದಿನ ತಲೆ ಬೋಳಿಸುವ ಮಾತು ಬಂತು. ಅವನಿಗೆ ದಟ್ಟ ಗುಂಗುರು ಕೂದಲು, ಅವನ ಅಪ್ಪನದೇ.

"ಅಮ್ಮ, ನೆಕ್ಸ್ಟ್ ಸ್ಯಾಟರ್ಡೇ ಗೇಮ್ ಇದೆ. ಸ್ವಲ್ಪ ಕಟ್ ಮಾಡಿದ್ರೆ ಸಾಕಲ್ವಾ?" ಎಂದ.

ಪುರೋಹಿತರು ಸೌಮ್ಯವಾಗಿ, "ಇಲ್ಲಿ ಎಷ್ಟೋ ಜನ ನಾಲ್ಕು ಕೂದಲು ತೆಗೆದು ಶಾಸ್ತ್ರ ಮುಗಿಸ್ತಾರಮ್ಮಾ. ದೋಷ ಏನಿಲ್ಲ," ಎಂದರು. ಮೈಸೂರಿನಿಂದ ವಿಡಿಯೋ ಕಾಲ್‌ನಲ್ಲಿದ್ದ ನಮ್ಮ ಭಾವನವರು ಸಿಟ್ಟಾದರು: "ಏನ್ ಆಟಾನೋ ಎಂತದೋ! ಅಪ್ಪನಿಗೆ ಮಾಡೋದು ಒಂದೇ ಸಲ ಕಣೋ." ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು. ನಾನು ಹೇಳಿದೆ: "ಪೂರ್ತಿ ತೆಗೀರಿ."

ಗ್ಯಾರೇಜಿನಲ್ಲಿ ಮಡಚುವ ಕುರ್ಚಿ ಹಾಕಿ, ಯಜಮಾನರ ಸ್ನೇಹಿತರೊಬ್ಬರು ಯಜಮಾನರದೇ ಟ್ರಿಮ್ಮರಿನಿಂದ ತೆಗೆದರು, ನಂತರ ರೇಜರ್ ಹಾಕಿದರು. ಮಗ ಕಣ್ಣು ಮುಚ್ಚಿಕೊಂಡಿದ್ದ. ನನಗೆ ಒಳಗೆ ಎಂಥದೋ ಸಮಾಧಾನವಾಯಿತು. ಅವರಿಗೆ ಸಲ್ಲಬೇಕಾದದ್ದರಲ್ಲಿ ಏನೂ ಕಡಿಮೆ ಮಾಡಲಿಲ್ಲವಲ್ಲ ಎಂದು.

ಹದಿಮೂರನೆಯ ದಿನದ ಕೆಲಸ ಮುಗಿಸಿ, ತಲೆಗೆ ಉಣ್ಣೆಯ ಟೋಪಿ ಹಾಕಿಕೊಂಡು, ಅವನು ಕಾಲೇಜಿಗೆ ವಾಪಸ್ ಹೋದ. ಶನಿವಾರದ ಆಟವನ್ನು ನಾನು ಒಬ್ಬಳೇ ಕುಳಿತು ನೋಡಿದೆ. ಆಟ ಶುರು ಮಾಡಲು ಇವನು ಚೆಂಡನ್ನು ದೂರ ಒದ್ದ. ಎದುರು ತಂಡದವನು ಅದನ್ನು ಹಿಡಿದು ಓಡಿಬಂದ. ಅವನನ್ನು ತಡೆಯಬೇಕಾದ ನಮ್ಮ ಕಡೆಯವರೆಲ್ಲ ಒಬ್ಬೊಬ್ಬರಾಗಿ ಬಿದ್ದರು. ಕೊನೆಗೆ ಉಳಿದದ್ದು ಇವನೇ. ಇವನು ಅಡ್ಡ ಹೋದ. ಆಗ ಪಕ್ಕದಿಂದ ಇನ್ನೊಬ್ಬ ಬಂದು ಗುದ್ದಿದ.

ಹೆಲ್ಮೆಟ್ ಕಳಚಿ ಹುಲ್ಲಿನ ಮೇಲೆ ಉರುಳಿತು. ಟಿವಿಯಲ್ಲಿ ಅವನ ಬೋಳು ತಲೆ ಬಿಸಿಲಿಗೆ ಹೊಳೆಯಿತು. ಸುಳ್ಳು ಹೇಳುವುದಿಲ್ಲ, ನನ್ನ ಮನಸ್ಸಿಗೆ ಮೊದಲು ಬಂದದ್ದು ಇಷ್ಟೇ: ಅಯ್ಯೋ, ಎಲ್ಲರಿಗೂ ಕಂಡುಹೋಯಿತಲ್ಲ. ಅವನು ಏಳುತ್ತಿಲ್ಲ ಎಂಬುದು ತಲೆಗೆ ಹೋಗಿದ್ದು ಆಮೇಲೆ.

ಎದ್ದ. ಇಬ್ಬರು ಹಿಡಿದುಕೊಂಡು ನಡೆಸಿದರು. ಮಿದುಳಿಗೆ ಪೆಟ್ಟು, ಕೆಲವು ವಾರ ವಿಶ್ರಾಂತಿ ಎಂದರು. ಮುಂದಿನ ವರ್ಷ ಮತ್ತೆ ಆಡಿದ. ಆ ವರ್ಷದ ಕೊನೆಯಲ್ಲಿ ಇನ್ನೊಂದು ಪೆಟ್ಟು ಬಿತ್ತು. ನೋಡುವವರಿಗೆ ಅದು ಚಿಕ್ಕದು, ಬಿದ್ದವನು ತಾನೇ ಎದ್ದು ನಡೆದ. ಆದರೆ ಚಳಿಗಾಲದ ರಜೆಗೆ ಮನೆಗೆ ಬಂದವನು ಮೊದಲಿನ ಹುಡುಗ ಆಗಿರಲಿಲ್ಲ.

ಅಡುಗೆಮನೆಯ ದೀಪ ಹಾಕಿದರೆ ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಊಟಕ್ಕೆ ಕುಳಿತು, "ಅಮ್ಮ, ಅದು ಕೊಡು... ಅದು..." ಎಂದು ಉಪ್ಪಿನ ಡಬ್ಬಿ ತೋರಿಸುತ್ತಿದ್ದ. ಇವನ ಕನ್ನಡ ಮೊದಲಿನಿಂದಲೂ ಅಷ್ಟಕ್ಕಷ್ಟೇ ಎಂದು ಸುಮ್ಮನಿದ್ದೆ. ಒಂದು ದಿನ ಫೋನಿನಲ್ಲಿ ಗೆಳೆಯನ ಜೊತೆ ಇಂಗ್ಲಿಷಿನಲ್ಲಿ ಮಾತಾಡುವಾಗಲೂ ಹಾಗೆಯೇ ನಿಂತ. ಕಣ್ಣು ಮುಚ್ಚಿ, ಬಾಯಿ ತೆರೆದು, ಮಾತಿಗೆ ಕಾದು ನಿಂತ. ಅವನು ತಿರುಗಿ ನೋಡಿದಾಗ ನಾನು ಬಾಗಿಲಲ್ಲಿದ್ದೆ.

"ಯಾರಿಗೂ ಹೇಳ್ಬೇಡ ಅಮ್ಮ. ಕೋಚ್‌ಗೆ ಗೊತ್ತಾದ್ರೆ ಮುಗೀತು."

"ತಲೆನೋವು ಇದೆಯೇನೋ?"

"ಇಲ್ಲ. ಸ್ವಲ್ಪ. ಪ್ರಾಮಿಸ್ ಮಾಡು. ಅಪ್ಪನ ಫೋಟೋ ಮುಂದೆ."

ಅಪ್ಪನ ಹೆಸರು ತೆಗೆದರೆ ನಾನು ಇಲ್ಲ ಎನ್ನುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಫೋಟೋ ಮುಂದೆ ನಿಂತು ಮಾತು ಕೊಟ್ಟೆ.

ಆದರೆ ಕಾಲೇಜಿನವರು ಸುಮ್ಮನೆ ಬಿಡಲಿಲ್ಲ. ಎರಡು ಪೆಟ್ಟು ಬಿದ್ದಿರುವುದರಿಂದ ಹೊರಗಿನ ತಜ್ಞರೊಬ್ಬರು ಒಪ್ಪಿಗೆ ಕೊಟ್ಟರೆ ಮಾತ್ರ ಮೈದಾನ ಎಂದರು. ವಾಷಿಂಗ್ಟನ್ ಹತ್ತಿರ, ಮೇರಿಲ್ಯಾಂಡಿನಲ್ಲಿ ಒಬ್ಬ ಡಾಕ್ಟರ್ ಇದ್ದರು. 2024ರ ಏಪ್ರಿಲ್‌ನಲ್ಲಿ ದಿನ ಸಿಕ್ಕಿತು. ಕಮ್ಮಿಂಗ್‌ನಿಂದ ನಾನು ಕಾರು ಓಡಿಸಿಕೊಂಡು, ಮಗ ಗೆಳೆಯರ ಜೊತೆ ಬಾಡಿಗೆಗಿದ್ದ, ಕಾಲೇಜಿನ ಹತ್ತಿರದ ಫೋರ್ಟ್ ಮಿಲ್ ಊರಿಗೆ ಹೋದೆ. ಅಲ್ಲಿ ಅವನನ್ನು ಹತ್ತಿಸಿಕೊಂಡು ಉತ್ತರಕ್ಕೆ ಹೊರಟೆವು. ದಾರಿಯುದ್ದಕ್ಕೂ ಅವನು ಫೋನಿನಲ್ಲಿ ಪದಗಳ ಪಟ್ಟಿ ಓದಿ ಬಾಯಿಪಾಠ ಮಾಡುತ್ತಿದ್ದ. ಡಾಕ್ಟರು ಹೀಗೆ ಪದ ಹೇಳಿ, ಆಮೇಲೆ ನೆನಪಿಸಿಕೊಳ್ಳಲು ಹೇಳುತ್ತಾರಂತೆ. ಪರೀಕ್ಷೆಯನ್ನು ಗೆಲ್ಲಲು ಅಭ್ಯಾಸ ಮಾಡುತ್ತಿದ್ದಾನೆ!

ಮರುದಿನ ಡಾಕ್ಟರನ್ನು ನೋಡುವ ಮೊದಲು ಅಲ್ಲೇ ಹತ್ತಿರ, ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ಹೋದೆವು. ಇಬ್ಬರೂ ಕೈ ಮುಗಿದು ಒಂದೇ ದೇವರ ಮುಂದೆ ನಿಂತೆವು. ಅವನು ಏನು ಕೇಳುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ನಾನು ಅದಕ್ಕೆ ವಿರುದ್ಧವಾದದ್ದನ್ನು ಕೇಳಿಕೊಂಡೆ.

ಡಾಕ್ಟರ್ ವಯಸ್ಸಾದ ಹೆಂಗಸು, ನಿಧಾನವಾಗಿ ಮಾತಾಡುತ್ತಿದ್ದರು. ಪರೀಕ್ಷೆಗಳೆಲ್ಲ ಮುಗಿದವು. ಮಗ ಪದಗಳನ್ನು ಒಂದೂ ಬಿಡದೆ ಹೇಳಿದ. ಒಂಟಿ ಕಾಲಿನಲ್ಲಿ ನಿಂತ. ತಲೆನೋವು ಇದೆಯೇ? ಇಲ್ಲ. ಬೆಳಕು ಕಷ್ಟವಾಗುತ್ತದೆಯೇ? ಇಲ್ಲ. ಮಾತಾಡುವಾಗ ಪದ ಸಿಗದೆ ನಿಲ್ಲುತ್ತೀಯಾ? ನೋ, ಮ್ಯಾಮ್. ಅವರು ಕಾಗದದ ಮೇಲೆ ಗುರುತು ಹಾಕುತ್ತಾ ಹೋದರು. ಕೊನೆಯ ಹಾಳೆ ತೆಗೆದು ಪೆನ್ನು ಹಿಡಿದರು. ಸಹಿ ಹಾಕುವ ಹಾಳೆ ಎಂದು ನನಗೆ ಅರ್ಥವಾಯಿತು.

"ನೋ," ಎಂದೆ. "ಹೀ ಸ್ಟಾಪ್ಸ್."

ಡಾಕ್ಟರ್ ತಲೆ ಎತ್ತಿದರು. ಮಗ ಕನ್ನಡದಲ್ಲಿ, "ಅಮ್ಮ, ಬೇಡ," ಎಂದ. ನಾನು ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಹೇಳಲು ಆಗುತ್ತಿರಲಿಲ್ಲ. ನನಗೆ ಬಂದ ಇಂಗ್ಲಿಷಿನಲ್ಲಿ ಉಪ್ಪಿನ ಡಬ್ಬಿ, ದೀಪ, ಫೋನು ಎಲ್ಲ ಹೇಳಿದೆ. ಕಾರಿನಲ್ಲಿ ಪದ ಬಾಯಿಪಾಠ ಮಾಡಿದ್ದನ್ನೂ ಹೇಳಿದೆ.

ಡಾಕ್ಟರ್ ಪೆನ್ನು ಕೆಳಗಿಟ್ಟರು. ಆಮೇಲೆ ಅವರು ಮೊದಲಿನಿಂದ ಕೇಳತೊಡಗಿದರು. ಮೊದಲ ಪೆಟ್ಟಿನ ದಿನ ಹೆಲ್ಮೆಟ್ ಕಳಚಿಬಿತ್ತಲ್ಲ, ಅದು ಸರಿಯಾಗಿ ಕೂತಿರಲಿಲ್ಲವೇ?

ಮಗ ನೆಲ ನೋಡಿಕೊಂಡು, ತಗ್ಗಿದ ದನಿಯಲ್ಲಿ, ಬೇಗಬೇಗ ಇಂಗ್ಲಿಷಿನಲ್ಲಿ ಹೇಳಿದ. ನನಗೆ ತಿಳಿಯದಿರಲಿ ಎಂದು ಹಾಗೆ ಹೇಳಿದ್ದು. ಆದರೆ ಎಲ್ಲ ತಿಳಿಯಿತು. ಹೆಲ್ಮೆಟ್ಟನ್ನು ಆಗಸ್ಟಿನಲ್ಲಿ ಅವನ ದಟ್ಟ ಕೂದಲಿನ ಮೇಲೆ ಅಳತೆ ನೋಡಿ, ಒಳಗಿನ ಮೆತ್ತೆಗಳಿಗೆ ಗಾಳಿ ತುಂಬಿ ಕೂರಿಸಿದ್ದರು. ಕೂದಲು ಹೋದ ಮೇಲೆ ಮತ್ತೆ ಅಳತೆ ನೋಡಬೇಕು. ಇವನು ಟೋಪಿ ತೆಗೆದು ಯಾರಿಗೂ ತಲೆ ತೋರಿಸಲಿಲ್ಲ. ಯಾಕೆ ಬೋಳಿಸಿದೆ ಎಂದು ಕೇಳುತ್ತಾರೆ, ಹೇಳುವಾಗ ಎಲ್ಲರ ಮುಂದೆ ಅತ್ತುಬಿಡುತ್ತೇನೆ ಎಂದು. ಸಡಿಲವಿದೆ ಎಂದು ಗೊತ್ತಾಗಿ ಗಲ್ಲದ ಪಟ್ಟಿ ಬಿಗಿದುಕೊಂಡು ಮೈದಾನಕ್ಕೆ ಹೋದ.

ಒಂದೂವರೆ ವರ್ಷ ನನಗೆ ಇದನ್ನು ಹೇಳಿರಲಿಲ್ಲ.

ಡಾಕ್ಟರ್ ಸಹಿ ಹಾಕಲಿಲ್ಲ. ಇನ್ನು ಆಟ ಬೇಡ ಎಂದು ನೇರವಾಗಿ ಹೇಳಿದರು. ನನಗೆ ಒಂದು ಕೆಲಸ ಕೊಟ್ಟರು: ಅವನ ಮಾತು ಎಷ್ಟು ಸಲ ನಿಲ್ಲುತ್ತದೆ ಎಂದು ಬರೆದಿಟ್ಟು ಕಾಲಕಾಲಕ್ಕೆ ತಿಳಿಸಬೇಕು. ಕಡಿಮೆಯಾಗಬಹುದು, ಆಗದೆಯೂ ಇರಬಹುದು ಎಂದರು.

ವಾಪಸ್ ಹೊರಟು ವರ್ಜೀನಿಯಾ ದಾಟಿದೆವು. ಆಮೇಲೆ ಅವನು ಕಿಟಕಿಯ ಕಡೆ ತಿರುಗಿಕೊಂಡೇ, "ಪ್ರಾಮಿಸ್ ಮಾಡಿದ್ದೆ ನೀನು," ಎಂದ.

"ಹೌದು. ನೀನ್ಯಾಕೋ ಹೆಲ್ಮೆಟ್ ವಿಷಯ ಹೇಳ್ಲಿಲ್ಲ?"

"ಹೇಳಿ ಏನ್ ಮಾಡ್ಲಿ? ನೀನು... ಐ ಡೋಂಟ್ ನೋ. ನೀನು ಊಟ ಬಿಡ್ತಿದ್ದೆ."

"ಪೂರ್ತಿ ತೆಗೀರಿ ಅಂದವಳು ನಾನೇ."

"ನೀನು ಬೇಡ ಅಂದಿದ್ರೂ ತೆಗಿಸ್ತಿದ್ದೆ ಅಮ್ಮ. ಅಪ್ಪಂಗೆ," ಎಂದ. ಅದು ನಿಜವೋ, ನನ್ನನ್ನು ಉಳಿಸಲು ಹೇಳಿದ್ದೋ, ಈವತ್ತಿಗೂ ಗೊತ್ತಿಲ್ಲ. ಕೇಳಿಲ್ಲ.

ಅದಾದ ಮೇಲೆ ಕೆಲವು ತಿಂಗಳು ಅವನು ನನ್ನೊಡನೆ ಹ್ಞೂಂ, ಉಹ್ಞೂಂ ಬಿಟ್ಟು ಮಾತಾಡಲಿಲ್ಲ. ತಂಡದ ಕೋಚ್ ಅವನನ್ನು ಕೈಬಿಡಲಿಲ್ಲ. ಕಾಲೇಜಿನ ರೇಡಿಯೋದಲ್ಲಿ ಆಟ ವಿವರಿಸುವವರ ಪಕ್ಕ ಕೂರುತ್ತೀಯಾ ಎಂದು ಕೇಳಿದರಂತೆ. ಪದಕ್ಕೆ ತಡಕಾಡುವ ಹುಡುಗನಿಗೆ ಮಾತಿನದೇ ಕೆಲಸ! ನನಗೆ ಭಯವಾಯಿತು. ಅವನಿಗೂ ಆಗಿತ್ತು. ಆ ಬೇಸಿಗೆ ಮನೆಯಲ್ಲಿ ಹಳೆಯ ಆಟಗಳನ್ನು ಹಾಕಿ, ಶಬ್ದ ನಿಲ್ಲಿಸಿ, ತಾನೇ ವಿವರಿಸುತ್ತಿದ್ದ. ಪದ ಸಿಗದಿದ್ದರೆ ಸೋಫಾಕ್ಕೆ ಗುದ್ದುತ್ತಿದ್ದ. ನಾನು ತರಕಾರಿ ಹೆಚ್ಚುತ್ತಾ ಪಕ್ಕದ ಕಾಗದದಲ್ಲಿ ಗೀಟು ಹಾಕುತ್ತಿದ್ದೆ.

ಒಂದು ದಿನ ಕಾಗದ ನೋಡಿದ. "ಇದು ನಂದಾ? ಇಲೆವೆನ್?"

"ಹನ್ನೊಂದು."

"ಸ್ವಲ್ಪ ಕಡಿಮೆ ಹೇಳ್ಬಾರ್ದಾ?"

"ಸುಳ್ಳು ಹೇಳಿ ಹೇಳಿ ಸಾಕಾಗಿದೆ ಕಣೋ ಇಬ್ರಿಗೂ."

ಅವನು ನಕ್ಕುಬಿಟ್ಟ. ಯಜಮಾನರು ಹೋದ ಮೇಲೆ ಆ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು.

ರೇಡಿಯೋದಲ್ಲಿ ಒಂದು ವರ್ಷ ಕೂತ. ಹೋದ ಶರತ್ಕಾಲದಲ್ಲಿ ಅಟ್ಲಾಂಟಾದ ಒಂದು ಸಣ್ಣ ಚಾನೆಲ್ ಒಂದು ಆಟಕ್ಕೆ ಕರೆಯಿತು. ನೇರ ಪ್ರಸಾರ. ಇದು ಚೆನ್ನಾದರೆ ಇಡೀ ಸೀಸನ್, ಇಲ್ಲದಿದ್ದರೆ ಇಲ್ಲ. ನನಗೆ ಒಳಗೆ ಸೀಟು ಕೊಡಿಸಿದ್ದ. ನಾನು ಒಳಗೆ ಹೋಗಲಾರದೆ ಪಾರ್ಕಿಂಗ್‌ನಲ್ಲಿ ಕಾರಿನಲ್ಲೇ ಕುಳಿತು ಫೋನಿನಲ್ಲಿ ನೋಡಿದೆ.

ಅದು ತಪ್ಪಾಯಿತು. ಫೋನಿಗೆ ಬರುವ ಆಟ ತಡವಾಗಿ ಬರುತ್ತದೆ. ಮೊದಲು ಸ್ಟೇಡಿಯಂನಿಂದ ಜನರ ಕೂಗು ಕಿಟಕಿಗೆ ಬಡಿಯುತ್ತಿತ್ತು. ಏನೋ ಆಗಿದೆ, ಅದನ್ನು ಇವನು ಈಗಾಗಲೇ ವಿವರಿಸಿಬಿಟ್ಟಿದ್ದಾನೆ, ಅಥವಾ ವಿವರಿಸಲಾಗದೆ ನಿಂತಿದ್ದಾನೆ. ನನಗೆ ಮಾತ್ರ ಇನ್ನೂ ಬಂದಿಲ್ಲ. ಪ್ರತಿ ಕೂಗಿಗೂ ಕಾಯಬೇಕಿತ್ತು.

ಮೂರನೆಯ ಕ್ವಾರ್ಟರಿನಲ್ಲಿ ದೊಡ್ಡ ಕೂಗು ಕೇಳಿತು. ಕಾದೆ. ಫೋನಿನಲ್ಲಿ ಒಬ್ಬ ಕಿಕ್ಕರ್ ಬಹಳ ದೂರದಿಂದ ಒದ್ದ ಚೆಂಡು ಗೋಲಿನ ಎರಡು ಕಂಬಗಳ ನಡುವೆ ಹಾಯಿತು. ಇವನ ಪಕ್ಕ ಕೂತು ಆಟ ವಿವರಿಸುತ್ತಿದ್ದವರು, ಇದು ನಿನ್ನ ಕೆಲಸ, ಹೇಗೆ ಒದ್ದ ಹೇಳು ಎಂದರು. ಮಗ ಶುರು ಮಾಡಿದ: ನೋಡಿ, ಎಲ್ಲ ಇರೋದು ಅವನ... ಅವನ...

ನಿಂತ. ಪರದೆಯ ಮೇಲೆ ಆಟ ಮತ್ತೆ ತೋರಿಸುತ್ತಿದ್ದರು, ದನಿ ಇಲ್ಲ. ಆ ಪದ ನನಗೆ ಗೊತ್ತಿತ್ತು, ಆ ಬೇಸಿಗೆಯಲ್ಲಿ ನೂರು ಸಲ ಕೇಳಿದ್ದೆ: ಪ್ಲಾಂಟ್ ಫುಟ್. ಒದೆಯುವಾಗ ಚೆಂಡಿನ ಪಕ್ಕ ಊರುವ ಕಾಲು. ಕಾರಿನಲ್ಲಿ ಕುಳಿತು ಗಟ್ಟಿಯಾಗಿ ಕೂಗಿದೆ, ಕೇಳುವ ಹಾಗೆ!

"...ಒದೆಯದೇ ಇರೋ ಕಾಲು," ಎಂದ ಅವನು, ಇಂಗ್ಲಿಷಿನಲ್ಲಿ. ಎಲ್ಲರೂ ಒದೆಯುವ ಕಾಲು ನೋಡುತ್ತಾರೆ, ನೀವು ಇನ್ನೊಂದನ್ನು ನೋಡಿ, ಎಲ್ಲಿ ಊರಿದ್ದಾನೆ ನೋಡಿ. ಪಕ್ಕದವರು, ಇಷ್ಟು ಸರಳವಾಗಿ ಇದನ್ನು ಯಾರೂ ನನಗೆ ಹೇಳಿರಲಿಲ್ಲ ಎಂದು ನಕ್ಕರು. ಕಾಗದದಲ್ಲಿ ಗೀಟು ಎಳೆದೆ.

ಆಟ ಮುಗಿದು ಅವನು ಕಾರಿನ ಬಾಗಿಲು ತೆಗೆದಾಗ ಮುಖದ ಮೇಕಪ್ ಬೆವರಿಗೆ ಇಳಿದಿತ್ತು.

"ಎಷ್ಟು?"

"ನಾಲ್ಕು."

"ಮೂರು ಅಮ್ಮ. ಪ್ರೊಡ್ಯೂಸರ್ ಕೂಡ ಮೂರು ಅಂದ್ರು. ಒಂದೊಂದನ್ನೂ ಬರೆದಿದ್ರು, ಬಟ್ ಸೀಸನ್ ಕೊಟ್ಟಿದಾರೆ."

"ಸೀಸನ್ ಕೊಡ್ಲಿ, ಸಂತೋಷ. ನಾಲ್ಕು. ಮೊದಲನೇದು ಶುರುವಿನಲ್ಲೇ, ನಮಸ್ಕಾರ ಹೇಳೋವಾಗ. ಅದು ಅವರಿಗೆ ಗೊತ್ತಾಗಿಲ್ಲ."

ಅವನು ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದ. ಹೊರಗೆ ಕಾರುಗಳು ಸಾಲುಗಟ್ಟಿ ಹೊರಡುತ್ತಿದ್ದವು.

"ಡಾಕ್ಟರ್‌ಗೆ ಮಂಡೇ ನಾನೇ ಫೋನ್ ಮಾಡ್ತೀನಿ," ಎಂದ. "ನಾಲ್ಕು ಅಂತಾನೇ ಹೇಳ್ತೀನಿ."